ಗಾಡಿಯಿಂದ ಇಳಿದ ಬಟಾಣಿ

ನನ್ನದು ಇಸ್ತ್ರಿ ಅಂಗಡಿ. ಬೆಳಗ್ಗೆಯಿಂದ ಸಂಜೆಯವರೆಗೆ ಬೀದಿಯನ್ನೇ ನೋಡುತ್ತಾ ನಿಂತಿರುವ ಕೆಲಸ. ಹಾಗಾಗಿ ಯಾರ ಮನೆಯ ಮಗು ಯಾವಾಗ ನಕ್ಕಿತು, ಯಾವಾಗ ರಂಪ ಮಾಡಿತು, ಎಲ್ಲವೂ ನನಗೆ ಗೊತ್ತು. ಕೇಳದಿದ್ದರೂ ಹೇಳುವುದು ನನ್ನ ಚಾಳಿ. ಇವತ್ತು ಹೇಳುವುದು ಎದುರು ಮನೆಯ ದರ್ಜಿ ಹೆಂಗಸಿನ ಮಗಳ ಕಥೆ. ಇದರಲ್ಲಿ ನನ್ನದೂ ಸ್ವಲ್ಪ ತಪ್ಪಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಹುಡುಗಿಗೆ ಮೂರು ವರ್ಷ ತುಂಬಿ ಮೂರು ತಿಂಗಳು. ದುಂಡುದುಂಡಗಿದ್ದಾಳೆ ಅಂತ ನಾವೆಲ್ಲ ಬಟಾಣಿ ಎನ್ನುತ್ತೇವೆ. ಮನೆಯೊಳಗೆ ಬಟಾಣಿ ಒಂದು ಕಡೆ ನಿಲ್ಲುವವಳಲ್ಲ. ಹೊಲಿಗೆ ಮಿಷನ್ನಿನ ಕೆಳಗೆ ನುಗ್ಗುತ್ತಾಳೆ, ಮಂಚದ ಮೇಲಿಂದ ಧುಮುಕುತ್ತಾಳೆ, ಅಜ್ಜಿಯ ಕನ್ನಡಕ ಕಿತ್ತುಕೊಂಡು ಓಡುತ್ತಾಳೆ. ಹೊಸಿಲು ದಾಟಿದರೆ ಮಾತ್ರ ತನಗೆ ಕಾಲಿರುವುದೇ ಮರೆತುಹೋಗುತ್ತಿತ್ತು. ನಾಲ್ಕು ಹೆಜ್ಜೆ ಹಾಕಿ "ಗಾಡಿ" ಎಂದು ಎರಡೂ ಕೈ ಮೇಲೆತ್ತುವಳು. ಗಾಡಿ ಎಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ. ಮಂಡಿ ಎದೆಗೆ ತಾಗುವಷ್ಟು ಬೆಳೆದಿದ್ದರೂ ಅದರಲ್ಲೇ ಕೂತು, ಪಟ್ಟಿ ಬಿಗಿಸಿಕೊಂಡು, ಮಹಾರಾಣಿಯ ಗತ್ತಿನಲ್ಲಿ ಹೋಗುತ್ತಿದ್ದಳು.

ಇದು ಹೀಗೇ ಇನ್ನಷ್ಟು ದಿನ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಅವಳನ್ನು ಶಿಶುವಿಹಾರಕ್ಕೆ ಸೇರಿಸುವ ಸಮಯ ಬಂತು. ಶಿಶುವಿಹಾರ ಇರುವುದು ರೈಲು ಹಳಿಯ ಆಚೆ. ದಾಟಲು ಮೆಟ್ಟಿಲ ಸೇತುವೆ. ಹತ್ತಲು ಮೂವತ್ತೆಂಟು ಮೆಟ್ಟಿಲು, ಇಳಿಯಲೂ ಅಷ್ಟೇ. ಹೆಸರು ಬರೆಸಲು ಹೋದ ದಿನ ಬಟಾಣಿ ಮೂರನೇ ಮೆಟ್ಟಿಲಿನಲ್ಲೇ ಕೂತುಬಿಟ್ಟಳು. ದರ್ಜಿ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಡಚಿದ ಗಾಡಿ ಹೊತ್ತು ಏದುಸಿರು ಬಿಡುತ್ತಾ ದಾಟಿದಳು. ಅಲ್ಲಿಯ ಟೀಚರ್ ಒಳ್ಳೆಯವರೇ, ಆದರೆ ಹೇಳಬೇಕಾದ್ದನ್ನು ಹೇಳಿದರು. ಮಕ್ಕಳನ್ನು ದಿನಾ ಉದ್ಯಾನಕ್ಕೆ ನಡೆಸಿಕೊಂಡು ಹೋಗುತ್ತಾರಂತೆ. ಇಪ್ಪತ್ತು ಮಕ್ಕಳಿಗೆ ಇಬ್ಬರೇ ಟೀಚರ್, ಯಾರನ್ನೂ ಎತ್ತಿಕೊಳ್ಳಲು ಆಗುವುದಿಲ್ಲವಂತೆ. ಹೊಸ ಮಕ್ಕಳು ಬರಲು ಇನ್ನೂ ಆರು ವಾರವಿದೆ, ಅಷ್ಟರಲ್ಲಿ ನಡೆಯುವ ರೂಢಿ ಮಾಡಿಸಿ, ಆಗದಿದ್ದರೆ ಮುಂದಿನ ವರ್ಷ ನೋಡೋಣ ಎಂದರಂತೆ.

ನನ್ನ ಅಂಗಡಿಯ ಮುಂದೆ ನಿಂತು ಇದನ್ನೆಲ್ಲ ಹೇಳುವಾಗ ದರ್ಜಿಯ ಕಣ್ಣು ತುಂಬಿತ್ತು.

"ಅಲ್ಲಿ ಮಕ್ಕಳು ಆಡೋದನ್ನ ನೋಡಿ ಕಿಟಕಿ ಸರಳು ಬಿಡ್ಲಿಲ್ಲ ಅಕ್ಕ ಇವಳು. ಎಳ್ಕೊಂಡು ಬರೋ ಹೊತ್ತಿಗೆ ಸಾಕಾಯ್ತು. ಅಷ್ಟು ಆಸೆ ಇದೆ. ನಡಿ ಅಂದ್ರೆ ಮಾತ್ರ ನಡಿಯಲ್ಲ. ನಾನೇನು ಮಾಡ್ಲಿ?"

ನಾನೇನು ಮಾಡಿದೆ ಗೊತ್ತೇ? ಅಯ್ಯೋ ಪಾಪ ಎಂದೆ. ಆಮೇಲೆ ಇಸ್ತ್ರಿ ಮಾಡಿದ ಆರು ಬಿಳಿ ಅಂಗಿ ಅವಳ ಕೈಗೆ ಕೊಟ್ಟು, ಹೋಗುವ ದಾರಿಯಲ್ಲಿ ವಕೀಲರ ಮನೆಗೆ ಮುಟ್ಟಿಸಿಬಿಡು ಎಂದೆ. ಅವಳು ಅದನ್ನು ಗಾಡಿಯ ಹಿಡಿಗೆ ತೂಗುಹಾಕಿಕೊಂಡಳು. ಅಲ್ಲಿ ಅವಳು ಹೊಲಿದ ಬಟ್ಟೆಯ ಗಂಟುಗಳು ಆಗಲೇ ನೇತಾಡುತ್ತಿದ್ದವು. ಮನೆಮನೆಗೆ ಬಟ್ಟೆ ತಲುಪಿಸಲು ಅವಳಿಗಿದ್ದದ್ದು ಅದೊಂದೇ ಗಾಡಿ. ನನ್ನ ತಪ್ಪು ಎಂದೆನಲ್ಲ, ಅದು ಇದೇ.

ಅಷ್ಟರಲ್ಲೇ ಮಕ್ಕಳ ತೂಕ ನೋಡಲು ನರ್ಸಕ್ಕ ನಮ್ಮ ಬೀದಿಗೆ ಬಂದರು. ದರ್ಜಿ ಬಟ್ಟೆ ತಲುಪಿಸಲು ಹೊರಟು ನಿಂತಿದ್ದಳು. ಗಾಡಿಯಲ್ಲಿ ಬಟಾಣಿ ಇದ್ದಳು. ಜಗಲಿಯ ಮೇಲೆ ದರ್ಜಿಯ ಅತ್ತೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಇಷ್ಟು ದೊಡ್ಡ ಹುಡುಗಿ ಇನ್ನೂ ಗಾಡಿಯಲ್ಲೇ ಇದ್ದಾಳಲ್ಲ ಎಂದು ನರ್ಸಕ್ಕ ಕೇಳಿದ್ದೇ ತಡ, ಅತ್ತೆ ಸೂಜಿ ಕೆಳಗಿಟ್ಟರು.

"ಗಾಡಿ ತಂದಿರೋದು ಕೂರಿಸೋಕೆ ತಾನೆ? ಮಕ್ಕಳನ್ನ ಸೊಂಟದ ಮೇಲೆ ಹೊತ್ತು ಹೊತ್ತು ನನ್ನ ಬೆನ್ನು ಬಿದ್ದುಹೋಯ್ತು. ನನ್ನ ಸೊಸೆಗೆ ಆ ಪಾಡು ಬೇಡ."

ಸೊಸೆಯ ಚಿಂತೆ ಬೇರೆಯಿತ್ತು. ಹೋದ ವರ್ಷ ಒಮ್ಮೆ ಇಳಿಸಿದಾಗ ಬಟಾಣಿ ನಾಯಿಮರಿಯ ಹಿಂದೆ ರಸ್ತೆಗೆ ಓಡಿದ್ದಳು. ಒಂದು ಬೈಕು ಗೇಣು ದೂರದಲ್ಲಿ ನಿಂತಿತ್ತು. ಅಂದಿನಿಂದ ದಾರಿಯಲ್ಲಿ ಪಟ್ಟಿ ಬಿಚ್ಚಲು ದರ್ಜಿಗೆ ಕೈ ಬರುತ್ತಿರಲಿಲ್ಲ. ಅದನ್ನೂ ನರ್ಸಕ್ಕನಿಗೆ ಹೇಳಿಕೊಂಡಳು.

ನರ್ಸಕ್ಕ ನಗಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಭಯ ಸುಳ್ಳಲ್ಲ ಕಣಮ್ಮ. ಆದ್ರೆ ರಸ್ತೆ ಅಂಚಲ್ಲಿ ಹೇಗೆ ನಿಲ್ಬೇಕು ಅಂತ ಗಾಡೀಲಿ ಕೂತು ಯಾರೂ ಕಲ್ತಿಲ್ಲ. ನಿಮ್ಮ ಕೈಯಲ್ಲಿ ಅವಳ ಕೈ ಇದ್ದಾಗಲೇ ಕಲೀಲಿ" ಎಂದರು. ಕಾಲು ಪಾದ ನೋಡುತ್ತೇನೆ, ಇಳಿಸಿ ಎಂದರು. ದರ್ಜಿ "ತಡೀರಿ" ಎನ್ನುವಷ್ಟರಲ್ಲಿ ಅವರೇ ಪಟ್ಟಿ ಬಿಚ್ಚಿ ಮಗುವನ್ನು ಎತ್ತಿಕೊಂಡರು.

ಗಾಡಿ ಹಿಂದಕ್ಕೆ ಮಗುಚಿಬಿತ್ತು. ಗಂಟುಗಳು ಬಿಚ್ಚಿಕೊಂಡವು. ವಕೀಲರ ಬಿಳಿ ಅಂಗಿಗಳು ಮಣ್ಣಲ್ಲಿ ಹೊರಳಾಡಿದವು.

"ಅದಕ್ಕೇ ಇವಳನ್ನ ಇಳಿಸಲ್ಲ" ಎಂದಳು ದರ್ಜಿ, ಬಟ್ಟೆ ಆರಿಸುತ್ತಾ. "ಹಿಂದೆ ಭಾರ ಜಾಸ್ತಿ. ಇವಳು ಕೂತಿದ್ರೆ ಗಾಡಿ ನಿಲ್ಲತ್ತೆ."

"ಹಾಗಾದ್ರೆ ಬಟ್ಟೆ ಬೀಳ್ಬಾರ್ದು ಅಂತ ಮಗು ಕೂತಿದೆ" ಎಂದರು ನರ್ಸಕ್ಕ.

ದರ್ಜಿಯ ಮುಖ ಸಣ್ಣದಾಯಿತು. ದಾರಿಯಲ್ಲಿ ಬಟಾಣಿ ಎಷ್ಟೋ ಸಲ ಇಳಿಯುತ್ತೇನೆ ಎಂದಿದ್ದಳಂತೆ, ಸುಮ್ಮನೆ ಕೂತ್ಕೋ ಎಂದು ತಾನೇ ಗದರಿದ್ದಳಂತೆ. ಕೇಳಿ ಕೇಳಿ ಮಗು ಕೇಳುವುದನ್ನೇ ಬಿಟ್ಟಿತ್ತು. ನನಗೂ ನಾಚಿಕೆಯಾಯಿತು. ಆ ಭಾರದಲ್ಲಿ ಆರು ಅಂಗಿ ನನ್ನವು.

ನರ್ಸಕ್ಕ ಬಟಾಣಿಯನ್ನು ಅಂಗಳದಲ್ಲಿ ಅತ್ತಿತ್ತ ನಡೆಸಿ ನೋಡಿದರು. ಕುಂಟುತ್ತಿಲ್ಲ, ತುದಿಗಾಲಲ್ಲಿ ನಡೆಯುತ್ತಿಲ್ಲ, ಪದೇಪದೇ ಬೀಳುತ್ತಿಲ್ಲ. ಹಾಗೇನಾದರೂ ಇದ್ದರೆ, ಕಾಲು ನೋಯುತ್ತದೆ ಎಂದು ಮತ್ತೆ ಮತ್ತೆ ಅಂದರೆ, ಡಾಕ್ಟರಿಗೆ ತೋರಿಸಲೇಬೇಕು ಎಂದರು. ಇವಳಿಗೆ ಬೇಕಾದದ್ದು ರೂಢಿ ಅಷ್ಟೇ. ಗಾಡಿಯನ್ನು ಒಂದೇ ದಿನಕ್ಕೆ ಕಿತ್ತುಕೊಳ್ಳಬೇಡಿ, ಮನೆಯಿಂದ ಹೊರಟ ಕೂಡಲೇ, ಮಗು ಹುರುಪಿನಲ್ಲಿರುವಾಗ ನಡೆಸಿ, ನಿಜವಾಗಿ ದಣಿದಾಗ ಕೂರಿಸಿ, ದಿನ ಕಳೆದಂತೆ ನಡಿಗೆ ಹೆಚ್ಚಿಸಿ ಎಂದರು. ಅವಸರದ ಕೆಲಸಕ್ಕೆ ಹೋಗುವಾಗ ಈ ಪಾಠ ಬೇಡ. ವಾಹನಗಳಿದ್ದ ಕಡೆ ಕೈ ಬಿಡಲೇಬೇಡಿ, ಮಗು ಗೋಡೆಯ ಬದಿಗಿರಲಿ, ನೀವು ರಸ್ತೆಯ ಬದಿಗೆ.

ಅಂದಿನಿಂದ ಬಟ್ಟೆಯ ಗಂಟುಗಳನ್ನು ನನ್ನ ಯಜಮಾನರು ಸೈಕಲ್ಲಿನಲ್ಲಿ ತಲುಪಿಸತೊಡಗಿದರು. ಅವರು ಗೊಣಗಿದರು, ಗೊಣಗಲಿ ಬಿಡಿ, ಹೊಟ್ಟೆಯಾದರೂ ಕರಗುತ್ತದೆ.

ಮೊದಲ ದಿನ ಗುರಿ ಮೂರೇ ಲೈಟು ಕಂಬ. ಮೂರು ಕಂಬ ದಾಟಲು ಅರ್ಧ ಗಂಟೆ ಹಿಡಿಯಿತು. ಬಟಾಣಿಗೆ ಇರುವೆ ಸಾಲು ನೋಡಬೇಕು, ಚರಂಡಿಯ ಮುಚ್ಚಳದ ಮೇಲೆ ಕುಣಿಯಬೇಕು, ಪ್ರತಿ ಗೇಟಿನೊಳಗೆ ಇಣುಕಬೇಕು. ದರ್ಜಿ ಹಲ್ಲು ಕಚ್ಚಿಕೊಂಡು ಜೊತೆಗೆ ನಿಂತಳು. ಪ್ರತಿ ತಿರುವಿನಲ್ಲೂ ನರ್ಸಕ್ಕ ಹೇಳಿಕೊಟ್ಟ ಆಟ ಆಡಿಸಿದಳು. ರಸ್ತೆಯ ಅಂಚು ಬಂದರೆ ನಿಲ್ಲಬೇಕು, ಕೈ ಹಿಡಿಯಬೇಕು, ಆ ಕಡೆ ಈ ಕಡೆ ನೋಡಬೇಕು. ನಿಂತರೆ ಶಹಬ್ಬಾಸ್. ನಿಲ್ಲದಿದ್ದರೆ ಹಿಂದೆ ಬಂದು ಮತ್ತೊಮ್ಮೆ.

ಐದನೇ ದಿನ ಗ್ರಹಚಾರ ಕೆಟ್ಟಿತು. ಹುಡುಗಿ ಬೀದಿಯಲ್ಲಿ, ಎಲ್ಲರ ಎದುರು, ಗೋಡೆಬದಿಯಲ್ಲಿ ಕೂತು ಊರೆಲ್ಲ ಕೇಳುವ ಹಾಗೆ ಅಳತೊಡಗಿದಳು. ಒಬ್ಬರು ಎತ್ಕೊಳ್ಳಿ ಎಂದರು, ಇನ್ನೊಬ್ಬರು ಎರಡು ಕೊಡಿ ಎಂದರು. ಬಿಟ್ಟಿ ಸಲಹೆಗೆ ನಮ್ಮಲ್ಲಿ ಬರವಿಲ್ಲ. ದರ್ಜಿ ಸೋತು ಕೈ ಚಾಚಿದ್ದಳು. ಆಗ ಅವಳ ಅತ್ತೆ, ಗಾಡಿಯ ಪರವಾಗಿ ವಾದಿಸಿದ್ದ ಅದೇ ಅತ್ತೆ, ಮನೆಯಿಂದ ಬಂದು ಸೆರಗು ಸರಿಮಾಡಿಕೊಂಡು ಮೊಮ್ಮಗಳ ಪಕ್ಕ ನೆಲದ ಮೇಲೇ ಕೂತರು.

"ನಂಗೂ ಕಾಲು ನೋಯ್ತಿದೆ ಕಣೆ. ಸ್ವಲ್ಪ ಹೊತ್ತು ಕೂರೋಣ. ಆಮೇಲೆ ನೀನು ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗು, ಆಯ್ತಾ?"

ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಬಟಾಣಿ ಎದ್ದು ಅಜ್ಜಿಯ ಕೈ ಎಳೆದಳು. ಅಜ್ಜಿಯನ್ನು ಕರೆದೊಯ್ಯುವ ಜವಾಬ್ದಾರಿ ಅಂದಿನಿಂದ ಅವಳದು. ಎರಡನೇ ವಾರ ಬೀದಿ ತುದಿ, ಮೂರನೇ ವಾರ ತರಕಾರಿ ಅಂಗಡಿ, ನಾಲ್ಕನೇ ವಾರ ಸೇತುವೆಯ ಮೆಟ್ಟಿಲು. ಐದನೇ ವಾರ ಗಾಡಿ ಖಾಲಿಯಾಗಿಯೇ ಹಿಂದೆ ಹಿಂದೆ ಬಂತು. ಆರನೇ ವಾರ ಅದನ್ನು ಮನೆಯಲ್ಲೇ ಬಿಟ್ಟರು.

ಶಿಶುವಿಹಾರದ ಮೊದಲ ದಿನ ನಾನೂ ಅಂಗಡಿಗೆ ಬೀಗ ಹಾಕಿ ದರ್ಜಿ ಮತ್ತು ಅವಳ ಅತ್ತೆಯ ಜೊತೆ ಹೊರಟೆ. ಬಟಾಣಿ ಕಂಬಿ ಹಿಡಿದು ಮೂವತ್ತೆಂಟು ಮೆಟ್ಟಿಲು ಹತ್ತಿದಳು. ನಡುವೆ ಎರಡು ಸಲ ಕೂತಳು. ಕೂರಲಿ ಎಂದು ನಾವೂ ಕೂತೆವು, ನನಗಂತೂ ಅದು ಬೇಕಾಗಿತ್ತು. ಇಳಿದ ಮೇಲೆ ದೊಡ್ಡ ರಸ್ತೆ. ಆಚೆ ಬದಿಯಲ್ಲಿ ಟೀಚರ್ ಗೇಟು ತೆರೆದು ನಿಂತಿದ್ದರು, ಮಕ್ಕಳ ಗಲಾಟೆ ಕೇಳುತ್ತಿತ್ತು. ಅದನ್ನು ನೋಡಿದ ಖುಷಿಯಲ್ಲಿ ದರ್ಜಿ ತಾನೇ ಮೈಮರೆತು ಒಂದು ಹೆಜ್ಜೆ ಮುಂದಿಟ್ಟಳು. ಅವಳ ಕೈ ಹಿಂದಕ್ಕೆ ಎಳೆದಂತಾಯಿತು. ಬಟಾಣಿ ರಸ್ತೆಯ ಅಂಚಿನಲ್ಲಿ ಕಾಲೂರಿ ನಿಂತಿದ್ದಳು.

"ಅಮ್ಮ, ನಿಲ್ಲು. ಬಸ್ಸು ಬರ್ತಿದೆ."

ಬಸ್ಸು ಹೋಯಿತು. ದರ್ಜಿ ಅಲ್ಲೇ ಮಗಳನ್ನು ತಬ್ಬಿಕೊಂಡು ಅತ್ತಳು. ಅತ್ತೆ ಅತ್ತರು. ಇಸ್ತ್ರಿಯವಳು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಟಾಣಿಗೆ ನಮ್ಮ ಅಳುವಿಗೆ ಪುರುಸೊತ್ತಿರಲಿಲ್ಲ. ಎರಡೂ ಕಡೆ ನೋಡಿದಳು, ಅಮ್ಮನ ಕೈ ಹಿಡಿದಳು, ದಾಟಿಸಿದಳು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಗಾಡಿ ಇರಬಹುದು. ಇರಲಿ, ಅದು ಕೆಟ್ಟದ್ದಲ್ಲ. ಮಗು ಆರಾಮಾಗಿ ನಡೆಯಬಲ್ಲದಾದರೆ, ಅದು ಗಾಡಿಯಲ್ಲಿ ಕೂತಿರುವುದು ತನಗಾಗಿಯೋ ನಮ್ಮ ಅವಸರಕ್ಕಾಗಿಯೋ ಎಂದು ಒಮ್ಮೆ ಕೇಳಿಕೊಳ್ಳಿ. ನಾಳೆ ಕಾಲು ಗಂಟೆ ಮೊದಲೇ ಹೊರಡಿ. ಮೂರು ಕಂಬ ಸಾಕು. ಇರುವೆ ಸಾಲು ಕಂಡರೆ ನೀವೂ ಬಗ್ಗಿ ನೋಡಿ. ರಸ್ತೆಯ ಅಂಚಿನಲ್ಲಿ ನಿಂತು, ಮಗುವಿನ ಕೈ ಗಟ್ಟಿಯಾಗಿ ಹಿಡಿಯಿರಿ.