ಬಾಯಿ ಮುಚ್ಚಿದ ವಾಲ್ವ್

ಗೀಸರ್ ರಿಪೇರಿಗೆ ಹೆಂಗಸು ಬಂದಳೆಂದರೆ, ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೆಯೇ ಎಂದು ಜನ ಇಣುಕುತ್ತಾರೆ. ನಾನು ಈ ಕೆಲಸ ಹಿಡಿದು ಇಪ್ಪತ್ತು ವರ್ಷವಾಯಿತು, ಇಣುಕಿಕೊಳ್ಳಲಿ. ಅವತ್ತು ಹೋದ ಮನೆಯ ತುಂಬು ಬಸುರಿ ಮಾತ್ರ ಇಣುಕಲಿಲ್ಲ. ನೀರು ಕಾಯುವಾಗ ಗೀಸರಿನೊಳಗೆ ಗಡಗಡ ಸದ್ದು ಬರುತ್ತದೆ ಎಂದಳು.

"ತಳದಲ್ಲಿ ಸುಣ್ಣ ಕಟ್ಟಿರುತ್ತೆ ಕಣಮ್ಮ. ತೊಳೆದುಬಿಟ್ರೆ ಸರಿಹೋಗುತ್ತೆ," ಎಂದೆ.

ಮೇನ್ ಸ್ವಿಚ್ ಆರಿಸಿ, ನೀರು ತಣ್ಣಗಾಗುವವರೆಗೆ ಕಾದೆ. ಟ್ಯಾಂಕ್ ಬರಿದು ಮಾಡುವ ಮೊದಲು ಸೇಫ್ಟಿ ವಾಲ್ವಿನ ಹಿಡಿ ಎತ್ತಿ ನೋಡುವುದು ನನ್ನ ರೂಢಿ. ಒಳಗೆ ಒತ್ತಡ ಹೆಚ್ಚಾದರೆ ನೀರು ಹೊರಬೀಳುವುದು ಅಲ್ಲಿಂದಲೇ. ಆ ದಾರಿ ಇಲ್ಲದಿದ್ದರೆ ಗೋಡೆಯ ಮೇಲಿರುವುದು ಗೀಸರ್ ಅಲ್ಲ, ಬಾಂಬು. ಹಿಡಿ ಎತ್ತಿದೆ. ಒಂದು ಹನಿಯೂ ಬರಲಿಲ್ಲ. ವಾಲ್ವಿನ ಬಾಯಿಗೆ ಯಾರೋ ಹಿತ್ತಾಳೆಯ ಡಮ್ಮಿ, ಅಂದರೆ ತಿರುಪಿನ ಬಿರಡೆ, ಜಡಿದಿದ್ದರು.

ಯಾವ ಅಯೋಗ್ಯನ ಕೆಲಸ ಇದು ಎಂದು ಬೈಯುತ್ತಲೇ ಅದನ್ನು ಬಿಚ್ಚಿದೆ. ನೀರು ಸೋರದಂತೆ ತಿರುಪಿಗೆ ಸುತ್ತಿದ ಬಿಳಿ ಟೇಪಿನ ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದ್ದರು. ಟೇಪಿನ ತುದಿ ಹಾಗೆ ಮಡಚುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ, ನಾನು ಕೈಹಿಡಿದು ಕೆಲಸ ಕಲಿಸಿದ ನನ್ನ ತಮ್ಮ.

ಅವನಿಗೆ ಫೋನ್ ಮಾಡಿ, ಈ ಮನೆಯ ವಾಲ್ವಿಗೆ ಡಮ್ಮಿ ಹಾಕಿದ್ದು ನೀನೇನಾ ಎಂದು ಕೇಳಿದೆ.

"ಅಯ್ಯೋ ಅಕ್ಕಾ, ತೊಟ್ಟಿಕ್ತಿದೆ ಅಂತ ಅವ್ರು ತಲೆ ತಿಂತಿದ್ರು. ಹೊಸ ವಾಲ್ವಿಗೆ ಯಾರು ಅಂಗಡಿ ಅಂಗಡಿ ಅಲೀತಾರೆ? ಇಷ್ಟು ದಿನ ಏನೂ ಆಗಿಲ್ವಲ್ಲ."

"ಇಲ್ಲಿ ಸ್ನಾನ ಮಾಡೋಳು ಬಸುರಿ ಕಣೋ!"

"ಆವಾಗ ಬಸುರಿ ಆಗಿರ್ಲಿಲ್ಲ."

"ಇನ್ನೆಷ್ಟು ಮನೇಲಿ ಹೀಗೆ ಮಾಡಿದ್ದೀಯ?"

"ಸೋರುತ್ತೆ ಅಂತ ನಿಂಗೆ ಫೋನ್ ಬಂದಾಗ ನನ್ನ ಕಳಿಸ್ತಿದ್ದೆಯಲ್ಲ... ಅಲ್ಲೆಲ್ಲಾ."

ಅಲ್ಲೆಲ್ಲಾ! ನನ್ನ ಮುಖ ನೋಡಿ ಅವನಿಗೆ ಬಾಗಿಲು ತೆಗೆದ ಮನೆಗಳು. ಅವನು ಕುಡಿದು ಬಂದು ನನಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಫೋನ್ ಕಟ್ ಮಾಡಿದೆ.

ಟ್ಯಾಂಕಿನ ನೀರು ಬಿಟ್ಟೆ. ಬಕೆಟ್ಟಿನ ತಳದಲ್ಲಿ ಸುಣ್ಣದ ಚಕ್ಕೆಗಳು ಕೂತವು. ಹೊಸ ವಾಲ್ವ್ ತಂದು ಹಾಕುವವರೆಗೆ ಸ್ವಿಚ್ ಮುಟ್ಟಬೇಡ ಎಂದು ಆ ಹುಡುಗಿಗೆ ಹೇಳಿ, ಮೆಟ್ಟಿಲ ಮೇಲೆ ಕೂತು ಒಂದೊಂದೇ ಮನೆಗೆ ಫೋನ್ ಹಚ್ಚಿದೆ. ಮೊದಲು ಸಿಕ್ಕಿದ್ದು ಒಬ್ಬ ಅಜ್ಜಿ.

"ಅಜ್ಜಿ, ಗೀಸರ್ ಈಗ್ಲೇ ಆರ್ಸಿ. ನಾನು ಬಂದು ನೋಡೋವರೆಗೂ ಹಾಕ್ಬೇಡಿ."

"ಯಾಕಮ್ಮಾ? ನಿನ್ನ ತಮ್ಮನೇ ಬಂದು ಸರಿಮಾಡಿ ಹೋದ್ನಲ್ಲ?"

"ಹೌದು ಅಜ್ಜಿ," ಎಂದೆ. "ಅದಕ್ಕೇ."