ಇಸ್ತ್ರಿ

‘ಮೂವತ್ತೊಂದನೇ ಪ್ರಶ್ನೆಗೆ ಇಲ್ಲ ಅಂತ ಬರೆದೆ. ಅದು ಸುಳ್ಳಾಯಿತೇ?’

ಕೋರ್ಟಿನ ಹಜಾರದ ಬೆಂಚಿನ ಮೇಲೆ ಕೂತು ಡೆಲ್ಫೀನ್ ದಿನಚರಿಯಲ್ಲಿ ಇಷ್ಟು ಬರೆಯುವಷ್ಟರಲ್ಲಿ ಹಾಳೆಯ ಮೇಲೆ ಕಾವಲುಗಾರನ ದಪ್ಪ ಬೆರಳು ಬಂದು ಕೂತಿತು.

“ಏಯ್, ಇಲ್ಲೇನು ಗೀಚ್ತಿದೀಯ? ಜೈಲಿನೋರನ್ನ ನೋಡೋಕೆ ಬಂದೋರು ಕೆಳಗಡೆ ಕಾಯ್ಬೇಕು. ಏಳು, ಏಳು.”

ಅವಳು ಎದೆಯ ಮೇಲಿನ ಬಿಲ್ಲೆ ಮುಟ್ಟಿ ತೋರಿಸಿದಳು. ಜ್ಯೂರಿ, ನಲವತ್ತನಾಲ್ಕು.

“ಓಹೋ! ನ್ಯಾಯ ಹೇಳೋಕೆ ಬಂದೋಳಾ?” ಅವನು ಜೊತೆಗಾರನಿಗೆ ಕಣ್ಣು ಹೊಡೆದ. “ಬಿಲ್ಲೆ ಕಾಣೋ ಹಂಗೆ ಹಾಕ್ಕೋ ತಾಯಿ. ಮುಖ ನೋಡಿದ್ರೆ ಗೊತ್ತಾಗಲ್ಲ.”

“ಸಾರಿ ಸರ್.”

ಬಿಲ್ಲೆ ಕಾಣುವ ಹಾಗೆಯೇ ಇತ್ತು. ಸಾರಿ ಯಾಕಂದೆ ಎಂದು ಆಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ವಯಸ್ಸು ಇಪ್ಪತ್ತನಾಲ್ಕು, ಇತಿಹಾಸದಲ್ಲಿ ಪದವಿ, ಲೈಬ್ರರಿಯಲ್ಲಿ ಹಿಂದಿರುಗಿ ಬಂದ ಪುಸ್ತಕಗಳನ್ನು ಜೋಡಿಸುವ ಕೆಲಸ. ಆದರೂ ನಾಲ್ಕು ಜನರೆದುರು ನಾಲ್ಕು ಮಾತಾಡು ಅಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅವಳ ಉತ್ತರಗಳೆಲ್ಲ ದಿನಚರಿಗೆ ಮಾತ್ರ ಗೊತ್ತು.

ಅದು ದೇಶವೆಲ್ಲ ನೋಡಿದ ಕೇಸು. ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ ವೆಂಡೆಲ್ ಪೆಟವೇಯನ್ನು, ಹಿಂದಿನ ದೀಪ ಒಡೆದಿದೆ ಎಂದು ಪೊಲೀಸನೊಬ್ಬ ತಡೆದಿದ್ದ. ತನ್ನ ಕಾರಿನ ಬಾನೆಟ್ಟಿನ ಮೇಲೆ ಕವುಚಿ ಹಾಕಿ, ಉಸಿರು ನಿಲ್ಲುವವರೆಗೂ ಬೆನ್ನಿಗೆ ಮೊಣಕೈ ಊರಿದ್ದ. ಯಾರೋ ಮೊಬೈಲಿನಲ್ಲಿ ಹಿಡಿದ ಆ ಆರು ನಿಮಿಷವನ್ನು ಟೀವಿಯಲ್ಲಿ ನೋಡದವರಿಲ್ಲ. ಈಗ ಅದರ ಬಗ್ಗೆ ಮನಸ್ಸಿನಲ್ಲಿ ಏನೂ ಇಲ್ಲದ ಹನ್ನೆರಡು ಸಾಮಾನ್ಯ ಜನ, ತೀರ್ಪು ಹೇಳುವ ಜ್ಯೂರಿಯ ಕುರ್ಚಿಗಳಿಗೆ ಬೇಕಾಗಿದ್ದರು.

ಬೆಳಿಗ್ಗೆ ಸೋದರತ್ತೆ ಓರ್ಲೆಟಾ ಜೋಳದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಡುತ್ತ ಪಾಠ ಹೇಳಿದ್ದಳು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಒಗೆದು ಅವಳ ಬೆರಳುಗಳು ಬಿರಿದಿದ್ದವು.

“ಬಾಯಿ ಮುಚ್ಕೊಂಡು ಕೂತ್ಕೋ. ಕೇಳಿದ್ದಕ್ಕೆಲ್ಲ ಹೌದು ಸರ್, ಇಲ್ಲ ಸರ್, ಅಷ್ಟೇ. ಹನ್ನೆರಡು ಕುರ್ಚೀಲಿ ಒಂದ್ರಲ್ಲಾದ್ರೂ ನಮ್ ಮುಖ ಇರ್ಲಿ. ಇಲ್ದಿದ್ರೆ ಆ ಬೋಳಿಮಗ ನಗ್ತಾ ಮನೆಗೆ ಹೋಗ್ತಾನೆ.”

“ಅತ್ತೆ, ಫಾರಮ್ಮಲ್ಲಿ ಒಂದು ಪ್ರಶ್ನೆ ಇತ್ತು. ಪೊಲೀಸರಿಂದ ನಿಮಗೋ ಮನೆಯೋರಿಗೋ ಕೆಟ್ಟ ಅನುಭವ ಆಗಿದ್ಯಾ ಅಂತ. ಇಲ್ಲ ಅಂತ ಬರ್ದುಬಿಟ್ಟೆ.”

“ಮತ್ತೇನ್ ಬರೀತಿದ್ದೆ? ನಮ್ಮನೇಲಿ ಯಾರಾದ್ರೂ ಸತ್ತಿದಾರಾ?”

“ತಮ್ಮನಿಗೆ...”

“ಕಾರ್ನೆಲ್‌ಗಾ? ಅವನಿಗೆ ಇಸ್ತ್ರಿ ಆಗಿದೆ, ಅಷ್ಟೇ. ಈ ಬೀದೀಲಿ ಇಸ್ತ್ರಿ ಆಗ್ದೇ ಇರೋ ಗಂಡಸು ಯಾವನಿದಾನೆ, ತೋರ್ಸು.”

ಪ್ಲಮ್ ಸ್ಟ್ರೀಟಿನಲ್ಲಿ ಅದಕ್ಕೆ ಅದೇ ಹೆಸರು. ದಾರಿಯಲ್ಲಿ ನಿಲ್ಲಿಸುವುದು, ಕಾದ ಬಾನೆಟ್ಟಿಗೆ ಕೆನ್ನೆ ಒತ್ತಿ ಹಿಡಿಯುವುದು, ಜೇಬು ತಡಕಿ, ಏನೂ ಸಿಗದಿದ್ದಾಗ ಬೈದು ಬಿಟ್ಟುಹೋಗುವುದು. “ಇಸ್ತ್ರಿ ಆಯ್ತೇನೋ?” ಅಂತ ಒಬ್ಬ ಕೇಳಿದರೆ, “ಗರಿಗರಿಯಾಗಿ ಆಯ್ತು, ಗಂಜಿ ಹಾಕೋದೊಂದು ಬಾಕಿ” ಅಂತ ಇನ್ನೊಬ್ಬ ನಗುತ್ತಾನೆ. ಜ್ವರ ಬಂದಿದ್ದನ್ನು ಹೇಳುತ್ತಾರೆ, ಬಸ್ಸು ತಪ್ಪಿದ್ದನ್ನು ಹೇಳುತ್ತಾರೆ. ಇದನ್ನು ಮನೆಗೆ ಬಂದು ಹೇಳುವವರಿಲ್ಲ.

ಡೆಲ್ಫೀನಳ ಹಳೆಯ ದಿನಚರಿಯೊಂದರಲ್ಲಿ ಅಂಗಡಿಯಿಂದ ಮೊಟ್ಟೆ ತರುತ್ತಿದ್ದ ಒಂದು ಜುಲೈ ಮಧ್ಯಾಹ್ನವಿದೆ. ಆಗ ಅವಳಿಗೆ ಹದಿನಾಲ್ಕು. ‘ಇವತ್ತು ನನಗೂ ಇಸ್ತ್ರಿ. ಮೊಟ್ಟೆ ಒಡೆಯಲಿಲ್ಲ.’ ಇರುವುದು ಎರಡೇ ಸಾಲು. ಎಡ ದವಡೆಯ ಕೆಳಗಿನ ನುಣುಪು ಕಲೆಯನ್ನು ಅಂದಿನಿಂದ ಕೂದಲು ಮುಚ್ಚಿಕೊಂಡಿದೆ.

ಮಧ್ಯಾಹ್ನದ ಹೊತ್ತಿಗೆ ಕರೆಸಿದವರಲ್ಲಿ ಅವಳಂತೆ ಕಪ್ಪು ಬಣ್ಣದ ಇನ್ನು ಮೂವರನ್ನೂ ಪ್ರಶ್ನೆ ಕೇಳಿ ಕಳಿಸಿಬಿಟ್ಟಿದ್ದರು. ಬಸ್ ಓಡಿಸುವ ಹೆಂಗಸೊಬ್ಬಳು “ವಿಡಿಯೋ ನೋಡಿ ಅಳು ಬಂತು” ಎಂದಳು. ಅಷ್ಟಕ್ಕೇ ಆಕೆಗೆ ಬಾಗಿಲು ತೋರಿಸಿದರು. ಉಳಿದವಳು ಡೆಲ್ಫೀನ್ ಒಬ್ಬಳೇ. ಅವಳ ಪಕ್ಕದಲ್ಲಿದ್ದ ನಲವತ್ತಮೂರನೆಯವನು ಎದ್ದು ನಿಂತ. ಕೆಂಪು ಮುಖ, ಮೊಳೆ, ಬಣ್ಣ ಮಾರುವ ಅಂಗಡಿಯ ಯಜಮಾನ.

“ನಿಮ್ಮ ಭಾವ ಪೊಲೀಸ್ ಇಲಾಖೆಯಲ್ಲಿದ್ದಾರಲ್ಲವೇ?” ಆರೋಪಿಯ ವಕೀಲ ಕೇಳಿದ.

“ಹೌದು ಸರ್. ಭಾನುವಾರ ಇಬ್ರೂ ಮೀನಿಗೆ ಹೋಗ್ತೀವಿ. ಮೀನು ನಾನ್ ಹಿಡೀತೀನಿ, ಸುಳ್ಳು ಅವ್ನು ಹೇಳ್ತಾನೆ.”

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರೂ ನಕ್ಕರು.

“ಯಾರ ಕಡೆಗೂ ವಾಲದೆ ತೀರ್ಪು ಕೊಡಬಲ್ಲಿರಾ?”

“ಯಾಕ್ ಕೊಡಕ್ಕಾಗಲ್ಲ?”

ಸರ್ಕಾರಿ ವಕೀಲೆ ಎದ್ದು ಆಕ್ಷೇಪಿಸಿದಳು. “ಕೊಡಬಲ್ಲೆ ಅಂದರಲ್ಲ” ಎಂದು ನ್ಯಾಯಾಧೀಶರು ಅವಳನ್ನು ಕೂರಿಸಿದರು.

“ನಲವತ್ತನಾಲ್ಕು.”

ಎದ್ದು ಹೆಸರು ಹೇಳಿದಳು. ಕೇಳಿಸಲಿಲ್ಲ ಎಂದರು. ಇನ್ನೊಮ್ಮೆ ಹೇಳಿದಳು. “ಜೋರಾಗಿ ಹೇಳಮ್ಮ, ದಾಖಲೆಗೆ ಹೋಗ್ಬೇಕು. ಪದವೀಧರೆ ಅಂತ ಬರೆದಿದ್ದೀಯಲ್ಲ” ಎಂದರು ನ್ಯಾಯಾಧೀಶರು. ಹಿಂದೆ ಯಾರೋ ಕಿಸಕ್ಕೆಂದರು. ಕೆಳಗೆ ಕೂತ ಬೆರಳಚ್ಚಿನ ಹೆಂಗಸು ಬೆರಳೆತ್ತಿ ಕಾಯುತ್ತಿದ್ದಳು.

ವಕೀಲ ಹಾಳೆಯೊಂದನ್ನು ಹಿಡಿದು ಹತ್ತಿರ ಬಂದ. ದನಿ ಬೆಣ್ಣೆಯಂತಿತ್ತು.

“ಕಾರ್ನೆಲ್ ರಫಿನ್ ನಿಮ್ಮ ತಮ್ಮ ಅಲ್ಲವೇ? ಮೂರು ವರ್ಷದಲ್ಲಿ ಪೊಲೀಸರು ಅವನನ್ನು ಹನ್ನೊಂದು ಸಲ ತಡೆದಿದ್ದಾರೆ. ನೀವು ಮೂವತ್ತೊಂದನೇ ಪ್ರಶ್ನೆಗೆ ಇಲ್ಲ ಅಂತ ಬರೆದಿದ್ದೀರಿ. ಮರೆತಿರೋ? ಅಥವಾ ನನ್ನ ಕಕ್ಷಿದಾರನ ಮೇಲೆ ಹಗೆ ಇಟ್ಟುಕೊಂಡು, ಈ ಕುರ್ಚಿಗೋಸ್ಕರ ಸುಳ್ಳು ಬರೆದಿರೋ?”

ಹನ್ನೊಂದು ಸಲ ತಡೆದು ಒಂದು ಕೇಸೂ ಹಾಕಲಿಲ್ಲ ಎಂಬುದು ಆ ಹಾಳೆಯಲ್ಲೇ ಇದ್ದಿರಬೇಕು. ಅದನ್ನು ಅವನು ಓದಲಿಲ್ಲ.

“ಮರೆತಿರಬಹುದು” ಎಂದು ಸರ್ಕಾರಿ ವಕೀಲೆ ಕೂತಲ್ಲಿಂದಲೇ ಮುಳುಗುತ್ತಿದ್ದವಳಿಗೆ ಹಗ್ಗ ಎಸೆದಳು. “ಮರೆತಿದ್ದೆ, ಮನಸ್ಸಿನಲ್ಲಿ ಏನೂ ಇಲ್ಲ ಅಂತ ಹೇಳಿದರೆ ಸಾಕು.”

ನ್ಯಾಯಾಧೀಶರು ತಲೆಯಾಡಿಸಿದರು. “ಮರೆತಿದ್ದೆಯೇನಮ್ಮ?”

ಒಂದು ಹೌದು ಅಂದರೆ ಕುರ್ಚಿ. ಅತ್ತೆಯ ಬಿರಿದ ಬೆರಳು ಕಣ್ಣ ಮುಂದೆ ಬಂತು. ಆರೋಪಿಯ ಕಡೆ ನೋಡಿದಳು. ಅವನು ಉಗುರು ನೋಡಿಕೊಳ್ಳುತ್ತಿದ್ದ. ಬಿಳಿ ಅಂಗಿ, ತೋಳಿನ ಮಡಿಕೆ ಕತ್ತಿಯಲಗಿನಂತೆ ನೆಟ್ಟಗಿತ್ತು. ಯಾರೋ ಬಹಳ ಜತನದಿಂದ ಇಸ್ತ್ರಿ ಮಾಡಿದ್ದರು.

“ಹೂಂ, ಮರೆತಿದ್ದೆಯೋ?”

“ಇಲ್ಲ.”

“ಜೋರಾಗಿ!”

ಡೆಲ್ಫೀನ್ ಎಡಗೆನ್ನೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಹತ್ತು ವರ್ಷದಿಂದ ಬೆಳಕು ಕಾಣದ ಕಲೆ ಕೋರ್ಟಿನ ದೀಪದಡಿ ಮಿನುಗಿತು.

“ಮರ್ತಿಲ್ಲ ಸರ್. ಸುಳ್ಳೂ ಬರ್ದಿಲ್ಲ. ನಮ್ ಬೀದೀಲಿ ಅದಕ್ಕೆ ಇಸ್ತ್ರಿ ಅಂತೀವಿ. ನನ್ ತಮ್ಮನಿಗೆ ಹನ್ನೊಂದು ಸಲ ಆಗಿದೆ, ನನಗೆ ಒಂದು ಸಲ. ಸತ್ತಿದ್ರೆ ಮಾತ್ರ ಹೌದು ಅಂತ ಬರೀಬೇಕು ಅಂದ್ಕೊಂಡಿದ್ದೆ.”