ಕುಂಡದಲ್ಲಿ ಸಿಕ್ಕ ಮಾತ್ರೆಗಳು

ನನ್ನ ಗಂಡ ಟವರ್ ಕ್ರೇನ್ ನಡೆಸುವವರು. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿದರೆ ಇಳಿಯುವುದು ಮಧ್ಯಾಹ್ನ ಒಂದಕ್ಕೆ. ನಲವತ್ತು ಮೀಟರ್ ಎತ್ತರದಲ್ಲಿ, ಕೂತರೆ ಮೊಣಕಾಲು ಗಾಜಿಗೆ ತಾಗುವಷ್ಟು ಸಣ್ಣ ಕ್ಯಾಬಿನ್. ಅಲ್ಲಿ ಫ್ಯಾನಿದೆ, ರೇಡಿಯೊ ಇದೆ, ಶೌಚಾಲಯ ಮಾತ್ರ ಇಲ್ಲ. ಡಾಕ್ಟರು ಬಿಪಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಮೇಲೆ ಶೌಚಾಲಯ ಇಲ್ಲ ಎಂದು ಇವರು ಹೇಳಿದ್ದರೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಿದ್ದರೋ ಏನೋ. ಟನ್ನುಗಟ್ಟಲೆ ಕಬ್ಬಿಣ ಎತ್ತುವ ಈ ಮನುಷ್ಯನಿಗೆ ಡಾಕ್ಟರ ಮುಂದೆ ಉಚ್ಚೆಯ ವಿಷಯ ಎತ್ತಲು ನಾಚಿಕೆ.

ದಿನಾ ಬೆಳಿಗ್ಗೆ ನಾನೇ ಮಾತ್ರೆ ಕೈಗೆ ಕೊಡುತ್ತಿದ್ದೆ. ಬಾಯಿಗೆ ಹಾಕಿಕೊಂಡು, ಗುಟುಕು ನೀರು ಕುಡಿದು, ಬಾಲ್ಕನಿಗೆ ಹೋಗಿ ಗಾಳಿ ಹೇಗಿದೆ ಎಂದು ನೋಡಿ ಬರುತ್ತಿದ್ದರು. ಕ್ರೇನಿನವರಿಗೆ ಗಾಳಿಯ ಯೋಚನೆ ಸಹಜ ಎಂದು ನಾನು ಸುಮ್ಮನಿದ್ದೆ.

ತಪಾಸಣೆಯ ದಿನ ಬಿಪಿ ನೂರ ತೊಂಬತ್ತು ತೋರಿಸಿತು.

"ಮಾತ್ರೆ ದಿನಾ ತಗೋತೀರಾ?" ಎಂದರು ಡಾಕ್ಟರು.

"ತಪ್ಪಿಸೋದೇ ಇಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಡಾಕ್ಟರು ಡೋಸು ಹೆಚ್ಚಿಸಿದರು. "ಹದಿನೈದು ದಿನದಲ್ಲಿ ಇಳೀದಿದ್ರೆ ನೀವು ಕ್ರೇನ್ ಹತ್ತೋಕೆ ನಾನು ಸಹಿ ಹಾಕಲ್ಲ" ಎಂದೂ ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಗಂಡ ಔಷಧದ ಚೀಟಿಯನ್ನು ಎರಡು ಸಲ ಬಿಚ್ಚಿ ನೋಡಿದರು.

ಮೂರು ದಿನ ಕಳೆದು ಗುಲಾಬಿ ಕುಂಡದ ಮಣ್ಣು ಸಡಿಲಿಸುತ್ತಿದ್ದಾಗ ಬಿಳಿ ಬಿಳಿ ಏನೋ ಕೈಗೆ ಹತ್ತಿತು. ಅರ್ಧ ಕರಗಿದ ಮಾತ್ರೆಗಳು. ಗಾಳಿ ನೋಡುವ ನೆಪದಲ್ಲಿ ನಡೆಯುತ್ತಿದ್ದುದು ಇದು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಸುಳ್ಳಿಗೆ ಡಾಕ್ಟರ ಮುಂದೆ ತಲೆಯಾಡಿಸಿ ಬಂದಿದ್ದೆನಲ್ಲ!

ಕೇಳಿದರೆ ಜಗಳ. ಜಗಳವಾದರೆ ಅದೇ ಸಿಟ್ಟಿನಲ್ಲಿ ಏಣಿ ಹತ್ತುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ, ಅದೇ ಚೀಟಿ ತೋರಿಸಿ ಇನ್ನೊಂದು ಪಟ್ಟಿ ಮಾತ್ರೆ ತಂದೆ. ದಿನಾ ಒಂದನ್ನು ಪುಡಿ ಮಾಡಿ ಅವರ ಚಹಾಕ್ಕೆ ಬೆರೆಸಿ, ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದೆ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಅನುಮಾನ ಬರಬಾರದೆಂದು ಕೈಗೆ ಕೊಡುವ ಮಾತ್ರೆಯನ್ನೂ ನಿಲ್ಲಿಸಲಿಲ್ಲ. ಹೇಗಿದ್ದರೂ ಅದು ಕುಂಡಕ್ಕೆ ಹೋಗುವುದು. ಆ ಕುಂಡವನ್ನು ಮತ್ತೆ ನಾನು ಕೆದಕಿ ನೋಡಲಿಲ್ಲ.

"ಚಹಾ ಯಾಕೋ ಕಹಿ ಕಣೇ."

"ನಿಮ್ಮ ನಾಲಿಗೆನೇ ಕಹಿ ಬಿಡಿ."

ಐದನೆಯ ದಿನ ಮಂಚದಿಂದ ಎದ್ದವರು ಗೋಡೆ ಹಿಡಿದು ನಿಂತರು. "ಎದ್ದ ತಕ್ಷಣ ಕಣ್ಣು ಕತ್ತಲೆ ಬರುತ್ತೆ" ಎಂದರು. ಬಿಪಿ ಇನ್ನೂ ಏರಿದೆ ಎಂದುಕೊಂಡೆ. ಡಾಕ್ಟರಿಗೆ ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ. ಲೋಟದ ತಳದಲ್ಲಿ ಉಳಿದ ಪುಡಿಗೆ ಬಿಸಿನೀರು ಹಾಕಿ ಕಲಕಿ ಅದನ್ನೂ ಕುಡಿಸಿದೆ.

ಎಂಟನೆಯ ದಿನ ಮಧ್ಯಾಹ್ನ ಸೈಟಿನಿಂದ ಫೋನು ಬಂತು. ಊಟಕ್ಕೆ ಇಳಿಯುವಾಗ, ನೆಲಕ್ಕೆ ಇನ್ನೂ ಎರಡಾಳು ಎತ್ತರವಿರುವಾಗ ಏಣಿಯಿಂದ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ಅವರ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಬೆನ್ನುಮೂಳೆ ಮುರಿದಿತ್ತು, ಬಿಪಿ ಕುಸಿದಿತ್ತು, ಎಷ್ಟು ಬಾಟಲಿ ಏರಿಸಿದರೂ ಮೇಲೆ ಬರುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಒಳಗೆಲ್ಲೋ ರಕ್ತ ಸೋರುತ್ತಿರಬೇಕು, ಹೊಟ್ಟೆ ಕೊಯ್ದು ನೋಡಬೇಕಾಗಬಹುದು ಎಂದು ಅಲ್ಲಿನ ಡಾಕ್ಟರು ನರ್ಸಿಗೆ ಹೇಳುತ್ತಿದ್ದರು. ಏನೇನು ಔಷಧ ತಗೋತಾರೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಕಷ್ಟಪಟ್ಟು ಮಾತಾಡಿದರು.

"ನಿಜ ಹೇಳಿಬಿಡ್ತೀನಿ. ಮುಂಚೆ ಮಾತ್ರೆ ಉಗೀತಿದ್ದೆ. ಸಹಿ ಹಾಕಲ್ಲ ಅಂತ ಡಾಕ್ಟ್ರು ಹೇಳಿದ ಮಾರನೇ ದಿನದಿಂದ ಒಂದೂ ಬಿಟ್ಟಿಲ್ಲ. ದಿನಕ್ಕೆ ಒಂದೇ. ಬೇಕಾದ್ರೆ ಇವಳನ್ನೇ ಕೇಳಿ."

ಕುಂಡದಲ್ಲಿ ನಾನು ಕಂಡದ್ದು ಹಳೆಯ ಮಾತ್ರೆಗಳು. ಆಗಲೇ ಅವರು ನುಂಗಲು ಶುರುಮಾಡಿದ್ದರು. ಈ ಸಲ ತಲೆಯಾಡಿಸಲು ಆಗಲಿಲ್ಲ.

"ಒಂದಲ್ಲ ಡಾಕ್ಟ್ರೇ, ಎರಡು" ಎಂದೆ. "ಇನ್ನೊಂದನ್ನ ನಾನು ಚಹಾದಲ್ಲಿ ಹಾಕ್ತಿದ್ದೆ."

ಗಂಡ ಒಮ್ಮೆ ನನ್ನತ್ತ ನೋಡಿ ಕಣ್ಣು ಮುಚ್ಚಿಕೊಂಡರು. ಡಾಕ್ಟರು ನನ್ನನ್ನು ಬೈಯಲಿಲ್ಲ, ಬೈಯಲು ಪುರುಸೊತ್ತೂ ಇರಲಿಲ್ಲ. ಬೇರೆ ಔಷಧ ಹಾಕಿಸಿ ಪಕ್ಕದಲ್ಲೇ ನಿಂತರು. ಸಂಜೆಯ ಹೊತ್ತಿಗೆ ಬಿಪಿ ಮೇಲೆ ಬಂತು. ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಜೀವ ಉಳಿಯಿತು, ಕಾಲಿಗೆ ಮಾತ್ರ ಬಲ ಬರಲಿಲ್ಲ.

ಈಗ ಮಾತ್ರೆಯ ಡಬ್ಬಿ ಅವರ ದಿಂಬಿನ ಪಕ್ಕದಲ್ಲೇ ಇರುತ್ತದೆ. ಎಣಿಸಿ ತುಂಬಿಕೊಳ್ಳುವವರೂ ಅವರೇ. ಒಂದು ದಿನವಾದರೂ ನನ್ನನ್ನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬೆಳಿಗ್ಗೆ ಏಳಕ್ಕೆ ಚಹಾ ಒಯ್ದು ಕೊಡುತ್ತೇನೆ. ಅವರು ಲೋಟವನ್ನು ನನ್ನತ್ತ ಚಾಚುತ್ತಾರೆ. ನಾನು ಒಂದು ಗುಟುಕು ಕುಡಿಯುತ್ತೇನೆ. ಆಮೇಲೆ ಅವರು ಕುಡಿಯುತ್ತಾರೆ.